ಕಾಲೇಜು ವಿದ್ಯಾರ್ಥಿಗಳಲ್ಲಿ ಅಂತರ್ಜಾಲ ವ್ಯಸನ

ಓದು, ನಿದ್ದೆ, ಒಡನಾಟ ಕೆಡುತ್ತಿರುವುದು ಗೊತ್ತಿದ್ದೂ ಅಂತರ್ಜಾಲದ ಬಳಕೆಯನ್ನು ಹತೋಟಿಗೆ ತರಲಾಗದ ಸ್ಥಿತಿ. ಇದು ಪ್ರತ್ಯೇಕ ಕಾಯಿಲೆಯೋ, ಖಿನ್ನತೆ, ಆತಂಕಗಳ ಹೊರಚಿಹ್ನೆಯೋ ಎಂಬ ವಾದ 1990ರ ದಶಕದಿಂದಲೂ ಇದೆ.

ಆರಂಭ: 1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಐವನ್ ಗೋಲ್ಡ್‌ಬರ್ಗ್, ಅಮೆರಿಕದ ಮನೋರೋಗ ಕೈಪಿಡಿಯನ್ನು ಅಣಕಿಸಲೆಂದು ‘ಅಂತರ್ಜಾಲ ವ್ಯಸನ’ದ ಲಕ್ಷಣಗಳನ್ನು ಪಟ್ಟಿಮಾಡಿದರು. ಅದನ್ನು ಓದಿದ ಕೆಲವರು ತಮಗೂ ಈ ತೊಂದರೆ ಇದೆಯೆಂದು ಅವರಿಗೆ ಬರೆದರು. 1996ರಲ್ಲಿ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಟೊರೊಂಟೊದ ಸಮ್ಮೇಳನವೊಂದರಲ್ಲಿ ಇದೇ ವಿಷಯವನ್ನು ಗಂಭೀರವಾಗಿ ಮಂಡಿಸಿದರು. ಜೂಜಿನ ಗೀಳನ್ನು ಗುರುತಿಸುವ ಮಾನದಂಡಗಳನ್ನು ಮಾರ್ಪಡಿಸಿ ಅವರು ಎಂಟು ಪ್ರಶ್ನೆಗಳನ್ನು ರೂಪಿಸಿದ್ದರು. ಐದಕ್ಕೆ ‘ಹೌದು’ ಎಂದವರನ್ನು ವ್ಯಸನಿಗಳೆಂದು ಎಣಿಸಲಾಯಿತು. ಮುಂದೆ ಬಂದ ಅವರ 20 ಪ್ರಶ್ನೆಗಳ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಕಾಲೇಜು ಆವರಣ: ಮನೆಗಳಲ್ಲಿ ಮೋಡೆಮ್ ಮೂಲಕ ಫೋನ್ ತಂತಿಗೆ ಕಾಯಬೇಕಿದ್ದ ಕಾಲದಲ್ಲೇ ಅಮೆರಿಕದ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಗೆ ಖರ್ಚಿಲ್ಲದ, ವೇಗದ ಸಂಪರ್ಕ ಕೊಟ್ಟಿದ್ದವು. ಒಳ್ಳೆಯ ಅಂಕ ಪಡೆದು ಬಂದವರೂ ನಪಾಸಾಗುತ್ತಿರುವುದೇಕೆಂದು ಆಲ್ಫ್ರೆಡ್ ವಿಶ್ವವಿದ್ಯಾಲಯ ವಿಚಾರಿಸಿದಾಗ, ಹೀಗೆ ಹೊರಬಿದ್ದವರಲ್ಲಿ ಶೇ. 43ರಷ್ಟು ಮಂದಿ ನಡುರಾತ್ರಿವರೆಗೆ ಕಂಪ್ಯೂಟರ್ ಜಾಲದಲ್ಲಿ ಮುಳುಗಿರುತ್ತಿದ್ದುದು ಕಂಡುಬಂತು. ಈ ವಯಸ್ಸಿನವರೇ ಏಕೆ ಎಂಬುದಕ್ಕೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೊನಾಥನ್ ಕ್ಯಾಂಡೆಲ್ 1998ರಲ್ಲಿ ಉತ್ತರ ಹುಡುಕಿದರು. ಮನೆಯವರ ಕಣ್ಗಾವಲು ತಪ್ಪಿದ, ತಾನು ಯಾರೆಂದು ಕಂಡುಕೊಳ್ಳುವ, ಆಪ್ತರನ್ನು ಅರಸುವ ಹೊತ್ತಿಗೇ ಸಂಪರ್ಕವೂ ಕೈಗೆಟುಕುತ್ತದೆ ಎಂಬುದು ಅವರ ವಿವರಣೆಯ ತಿರುಳು.

ಏಷ್ಯಾದ ಕ್ರಮಗಳು: ಚೀನಾದಲ್ಲಿ ‘ಚಿಕಿತ್ಸೆ’ಯ ಹೆಸರಿನಲ್ಲಿ ಯುವಜನರಿಗೆ ವಿದ್ಯುತ್ ಆಘಾತ ಕೊಡುತ್ತಿದ್ದುದನ್ನು ಆರೋಗ್ಯ ಸಚಿವಾಲಯ 2009ರಲ್ಲಿ ನಿಷೇಧಿಸಿತು. ದಕ್ಷಿಣ ಕೊರಿಯಾ 2011ರಲ್ಲಿ, ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ 16 ವರ್ಷದೊಳಗಿನವರು ಆನ್‌ಲೈನ್ ಆಟ ಆಡದಂತೆ ಕಾನೂನು ತಂದಿತು. ಕಾಲೇಜಿನವರು ಅದರ ವ್ಯಾಪ್ತಿಗೆ ಬರಲಿಲ್ಲ. ಹತ್ತು ವರ್ಷಗಳ ನಂತರ ಆ ಕಾನೂನನ್ನೇ ಕೈಬಿಡಲಾಯಿತು.

ವೈದ್ಯಕೀಯ ಮನ್ನಣೆ: ಅಮೆರಿಕದ ಕೈಪಿಡಿಯ 2013ರ ಆವೃತ್ತಿ ಅಂತರ್ಜಾಲ ಆಟಗಳ ಗೀಳನ್ನು ಇನ್ನೂ ಅಧ್ಯಯನವಾಗಬೇಕಾದ ಸ್ಥಿತಿಯೆಂದಷ್ಟೇ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಲ್ಲಿ ಜಾರಿಗೆ ತಂದ ರೋಗಪಟ್ಟಿಯಲ್ಲಿ ಆಟದ ಗೀಳು ಕಾಯಿಲೆಯಾಗಿ ಸೇರಿತು. ಸಾಮಾಜಿಕ ಜಾಲತಾಣ, ವಿಡಿಯೊಗಳ ಅತಿಬಳಕೆಗೆ ಅಲ್ಲಿ ಪ್ರತ್ಯೇಕ ನಮೂದಿಲ್ಲ.

ಭಾರತ ಮತ್ತು ಕರ್ನಾಟಕ: 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ತೆರೆದುಕೊಂಡ ಅಂತರ್ಜಾಲ ಬಹುಕಾಲ ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕಕ್ಕೆ ಸಿಗುತ್ತಿತ್ತು. 2016ರಿಂದ ಮೊಬೈಲ್ ಡೇಟಾ ಅಗ್ಗವಾಗುತ್ತಲೇ ಆ ಲೆಕ್ಕ ಅಳಿಸಿಹೋಯಿತು. ಅದಕ್ಕೂ ಮೊದಲೇ, 2014ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ‘ಶಟ್’ ಕ್ಲಿನಿಕ್ ಆರಂಭಿಸಿತ್ತು. ತಂತ್ರಜ್ಞಾನವನ್ನು ಪೂರ್ತಿ ಬಿಡಿಸುವುದರ ಬದಲು ಹಿತಮಿತವಾಗಿ ಬಳಸಲು ಕಲಿಸುವುದು ಅದರ ಗುರಿ. ಮಂಗಳೂರಿನ 1,086 ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನ ಶೇ. 27.1 ಮಂದಿಯಲ್ಲಿ ಸೌಮ್ಯ, ಶೇ. 9.7 ಮಂದಿಯಲ್ಲಿ ಮಧ್ಯಮ, ಶೇ. 0.4 ಮಂದಿಯಲ್ಲಿ ತೀವ್ರ ವ್ಯಸನ ಗುರುತಿಸಿತು. ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ, ಇದೇ ಅಧ್ಯಯನದಿಂದ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವ್ಯಸನಿಗಳೆಂದೂ ಹೇಳಬಹುದು, ಇನ್ನೂರೈವತ್ತರಲ್ಲಿ ಒಬ್ಬರೆಂದೂ ಹೇಳಬಹುದು.