ಬೊಲಿನಾವೊ: ಕಡಲು ಊರಿನ ಕೈಗೆ ಬಂದ ಮೇಲೆ

ಫಿಲಿಪೀನ್ಸಿನಲ್ಲಿ ಪುರಸಭೆಗಳಿಗೆ ನೆಲದ ಮೇಲೆ ಮಾತ್ರವಲ್ಲ, ನೀರಿನ ಮೇಲೂ ಅಧಿಕಾರವಿದೆ. 1991ರ ಸ್ಥಳೀಯ ಆಡಳಿತ ಸಂಹಿತೆ ದಡದಿಂದ 15 ಕಿಲೋಮೀಟರ್‌ವರೆಗಿನ ಕಡಲನ್ನು ಆಯಾ ಊರಿನ ಸುಪರ್ದಿಗೆ ಒಪ್ಪಿಸಿತು. ಅಲ್ಲಿ ಯಾರು ಬಲೆ ಬೀಸಬೇಕು, ಯಾರು ಮೀನಿನ ಪಂಜರ ಕಟ್ಟಬೇಕು, ಅದಕ್ಕೆ ಎಷ್ಟು ಶುಲ್ಕ ಎಂಬುದನ್ನು ಮೇಯರ್ ಮತ್ತು ಚುನಾಯಿತ ಮಂಡಳಿ ತೀರ್ಮಾನಿಸುತ್ತವೆ. ಈ ಅಧಿಕಾರ ಹಂಚಿಕೆಯಿಂದ ಕಡಲು ಉಳಿಯಿತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಪಾಂಗಸಿನಾನ್ ಪ್ರಾಂತ್ಯದ ಬೊಲಿನಾವೊಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಏಕೆಂದರೆ ವಿಜ್ಞಾನ, ಕಾನೂನು, ಜನಾಂದೋಲನ ಈ ಮೂರೂ ಅಲ್ಲಿದ್ದವು. ಆದರೂ ಕಡಲು ಹಾಳಾಯಿತು. ಕಾರಣ ತಿಳಿವಳಿಕೆಯ ಕೊರತೆಯಲ್ಲ. ಪರವಾನಗಿ ಕೊಡುವ ಕೈ ಮತ್ತು ಶುಲ್ಕ ಪಡೆಯುವ ಕೈ ಒಂದೇ ಆಗಿದ್ದಾಗ ಆ ಕೈಯನ್ನು ಹಿಡಿಯುವವರು ಇರಬೇಕು. ಬೊಲಿನಾವೊದ ಅರ್ಧ ಶತಮಾನದ ಅನುಭವದ ಸಾರ ಇಷ್ಟೇ ಎಂಬುದು ಈ ಲೇಖನದ ವಾದ.

ಬೊಲಿನಾವೊ ಇರುವುದು ಲುಜಾನ್ ದ್ವೀಪದ ವಾಯುವ್ಯ ಅಂಚಿನಲ್ಲಿ, ಲಿಂಗಾಯೆನ್ ಕೊಲ್ಲಿ ದಕ್ಷಿಣ ಚೀನಾ ಸಮುದ್ರಕ್ಕೆ ತೆರೆದುಕೊಳ್ಳುವ ಕಡೆ. 30 ಬರಾಂಗೇಗಳ, ಅಂದರೆ ಹಳ್ಳಿ ಘಟಕಗಳ, ಈ ಪುರಸಭೆಯಲ್ಲಿ 2020ರ ಜನಗಣತಿಯ ವೇಳೆಗೆ 80,000ಕ್ಕೂ ಹೆಚ್ಚು ಜನರಿದ್ದರು. ನೆಲ ಬಹುಪಾಲು ಸುಣ್ಣಕಲ್ಲಿನದು, ನೀರು ನಿಲ್ಲುವುದಿಲ್ಲ. ಮಳೆ ಸುರಿಯುವುದು ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ. ಭತ್ತ, ಮೆಕ್ಕೆಜೋಳ, ತೆಂಗು ಇಲ್ಲಿನ ಬೆಳೆಗಳು. ಆದರೆ ಇಂಥ ನೆಲ ವರ್ಷವಿಡೀ ಹೊಟ್ಟೆ ತುಂಬಿಸುವುದಿಲ್ಲ. ಗದ್ದೆ ಕೈಕೊಟ್ಟ ತಿಂಗಳುಗಳಲ್ಲಿ ರೈತನೇ ದೋಣಿ ಹತ್ತುತ್ತಾನೆ. ಕೃಷಿ ಸೋತಷ್ಟೂ ಕಡಲ ಮೇಲಿನ ಹೊರೆ ಹೆಚ್ಚುತ್ತದೆ. ನೆಲವಿಲ್ಲದವರೆಲ್ಲ ಕೊನೆಗೆ ಕಡಲಿಗೆ ಬಂದು ಬೀಳುವ, ಮೀನು ಕಡಿಮೆಯಾದಂತೆ ಡೈನಮೈಟ್, ಸೈನೈಡ್‌ಗೂ ಕೈ ಹಾಕುವ ಈ ಬಗೆಯನ್ನು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1980ರ ದಶಕದ ಕೊನೆಯಲ್ಲಿ ‘ಮಾಲ್ಥಸ್ ಮಾದರಿಯ ಅತಿಮೀನುಗಾರಿಕೆ’ ಎಂದು ಕರೆದರು. ಅವರು ಆಗ ಮನಿಲಾದಲ್ಲಿ ಕೆಲಸ ಮಾಡುತ್ತಿದ್ದರು. ಬೊಲಿನಾವೊದ ಹವಳದ ದಿಬ್ಬಗಳು ಅದಕ್ಕೆ ಕಣ್ಣೆದುರಿನ ಸಾಕ್ಷಿಯಾಗಿದ್ದವು.

ಬೊಲಿನಾವೊದ ಕಥೆಯ ಮೊದಲ ಘಟ್ಟ ಅಳತೆಯದು. 1970ರ ದಶಕದ ಕೊನೆಯಲ್ಲಿ ಕಡಲ ವಿಜ್ಞಾನಿ ಎಡ್ಗಾರ್ಡೊ ಗೋಮೆಜ್ ನೇತೃತ್ವದಲ್ಲಿ ದೇಶದ ಹವಳದ ದಿಬ್ಬಗಳ ಸಮೀಕ್ಷೆ ನಡೆದಾಗ ಅತ್ಯುತ್ತಮ ಸ್ಥಿತಿಯಲ್ಲಿದ್ದವು ನೂರಕ್ಕೆ ಐದಾರು ಮಾತ್ರ. ಫಿಲಿಪೀನ್ಸ್ ವಿಶ್ವವಿದ್ಯಾಲಯದ ಕಡಲ ವಿಜ್ಞಾನ ಸಂಸ್ಥೆ ಬೊಲಿನಾವೊದಲ್ಲೇ ಪ್ರಯೋಗಾಲಯ ಕಟ್ಟಿತು. ದೇಶದ ನೀರಿನಿಂದ ಹೆಚ್ಚುಕಡಿಮೆ ಅಳಿದೇಹೋಗಿದ್ದ ದೈತ್ಯ ಕಪ್ಪೆಚಿಪ್ಪಿನ ಮರಿಗಳನ್ನು ಸಾಲೊಮನ್ ದ್ವೀಪಗಳಿಂದ ತರಿಸಿ ಸಿಲಾಕಿ ದ್ವೀಪದ ಬಳಿ ಸಾಕಿ, ಬೇರೆ ಬೇರೆ ಕರಾವಳಿಗಳಿಗೆ ಹಂಚಿತು. ಇದು ದೊಡ್ಡ ಸಾಧನೆಯೇ. ಆದರೆ ಅದೇ ಪ್ರಯೋಗಾಲಯದ ಅಂಗಳದಲ್ಲಿ ಇನ್ನೊಂದು ಜೀವಿ ಮುಗಿದುಹೋಯಿತು. ಮೈತುಂಬ ಮುಳ್ಳಿರುವ, ಚೆಂಡಿನಾಕಾರದ ಕಡಲ ಕುಡಿಕೆಯ (ಸೀ ಅರ್ಚಿನ್) ಜನನಗ್ರಂಥಿಗೆ ಜಪಾನಿನಲ್ಲಿ ಭಾರೀ ಬೆಲೆ. 1980ರ ದಶಕದಲ್ಲಿ ಬೊಲಿನಾವೊದ ಜನ ಇಳಿತದ ಹೊತ್ತಿಗೆ ಕಡಲ ಹುಲ್ಲಿನ ಬಯಲಿಗಿಳಿದು, ಚಿಪ್ಪು ಒಡೆದು, ಒಳಗಿನ ಹಳದಿ ಎಸಳುಗಳನ್ನು ಬಿಡಿಸಿ ಮಾರಿದರು. ಯಾರು ಎಷ್ಟು ಬೇಕಾದರೂ ಹಿಡಿಯಬಹುದಿತ್ತು. 1992ರ ಹೊತ್ತಿಗೆ ಹಿಡಿಯಲು ಏನೂ ಉಳಿಯಲಿಲ್ಲ. ಆಮೇಲೆ ವಿಜ್ಞಾನಿ ಮೇರಿ ಆಂಟನೆಟ್ ಹ್ವಿನಿಯೊ-ಮೆನ್ಯೆಜ್ ಮತ್ತು ಸಂಗಡಿಗರು ಮೀನುಗಾರ ಕುಟುಂಬಗಳ ಜತೆ ಸೇರಿ, ಮರಿಗಳನ್ನು ಪಂಜರಗಳಲ್ಲಿ ಸಾಕಿ ಮತ್ತೆ ಸಂತತಿ ಬೆಳೆಸುವ ದಾರಿ ಹಿಡಿದರು. ಮಿತಿ ಹೇರುವ ಅಧಿಕಾರ ಯಾರಿಗೂ ಇಲ್ಲದ ಕಡೆ ಕಡಲ ವಿಜ್ಞಾನ ಏನಾಗುತ್ತಿದೆ ಎಂದು ಬರೆದಿಡಬಲ್ಲದು, ತಡೆಯಲಾರದು ಎಂಬುದು ಈ ಘಟ್ಟದ ಪಾಠ.

ಎರಡನೆಯ ಘಟ್ಟದಲ್ಲಿ ಅಧಿಕಾರ ಬಂತು, ಅದರ ಬೆನ್ನಿಗೇ ಪರೀಕ್ಷೆಯೂ ಬಂತು. 1990ರ ದಶಕದ ನಡುವೆ, ಇಲ್ಲಿನ ಸುಣ್ಣಕಲ್ಲನ್ನು ನೆಚ್ಚಿಕೊಂಡು ದಡದಲ್ಲೇ ಭಾರೀ ಸಿಮೆಂಟ್ ಕಾರ್ಖಾನೆ ಕಟ್ಟುವ ಪ್ರಸ್ತಾವ ಮುಂದೆ ಬಂತು. ತೈವಾನಿನ ಬಂಡವಾಳ, ಉದ್ಯೋಗದ ಭರವಸೆ, ತೆರಿಗೆಯ ಆಸೆ ಎಲ್ಲವೂ ಜತೆಗಿದ್ದವು. ಮೀನುಗಾರರು, ಶಿಕ್ಷಕರು, ಚರ್ಚಿನ ಜನ, ವಿಜ್ಞಾನಿಗಳು ಒಟ್ಟುಗೂಡಿ ವಿರೋಧಿಸಿದರು. 1996ರಲ್ಲಿ ರಾಷ್ಟ್ರೀಯ ಪರಿಸರ ಇಲಾಖೆ ಅನುಮತಿ ನಿರಾಕರಿಸಿತು. ಗೆದ್ದವರು ಅಷ್ಟಕ್ಕೇ ಮನೆಗೆ ಹೋಗಲಿಲ್ಲ. ಕಾರ್ಖಾನೆ ಬೇಡವೆಂದ ಮೇಲೆ ಏನು ಬೇಕೆಂದು ಹೇಳುವ ಹೊಣೆಯನ್ನೂ ಹೊತ್ತು, ಹಳ್ಳಿ ಹಳ್ಳಿಯಲ್ಲಿ ಚರ್ಚಿಸಿ, ಕರಾವಳಿ ಅಭಿವೃದ್ಧಿ ಯೋಜನೆಯೊಂದನ್ನು ರೂಪಿಸಿದರು. ಅದರ ಆಧಾರದ ಮೇಲೆ 1999ರಲ್ಲಿ ಪುರಸಭೆ ತನ್ನ ಮೀನುಗಾರಿಕಾ ಉಪವಿಧಿ ಜಾರಿಗೆ ತಂದು, ಕಡಲನ್ನು ಬಳಕೆಗೆ ತಕ್ಕಂತೆ ನಾಲ್ಕು ವಲಯಗಳಾಗಿ ವಿಂಗಡಿಸಿತು. ಮೀನಿನ ಪಂಜರಗಳಿಗೂ ಗರಿಷ್ಠ ಮಿತಿ ಗೊತ್ತಾಯಿತು: 544.

ಆ ಮಿತಿಗೆ ಬಂದ ಗತಿಯೇ ಮೂರನೆಯ ಘಟ್ಟ. ನಮ್ಮ ಕರಾವಳಿಯ ಅಳಿವೆಗಳಲ್ಲೂ ಸಿಗುವ ಹೂಮೀನು ಫಿಲಿಪೀನ್ಸಿನಲ್ಲಿ ‘ಬಂಗುಸ್’, ಮನೆಮನೆಯ ಮೀನು. 1990ರ ದಶಕದ ನಡುವಿನಿಂದ ಬೊಲಿನಾವೊದ ಕಿರಿದಾದ ಕಾಲುವೆಗಳಲ್ಲಿ ಅದರ ಪಂಜರಗಳು ಒತ್ತೊತ್ತಾಗಿ ಎದ್ದವು. 2002ರ ಆರಂಭಕ್ಕೆ ಅವುಗಳ ಸಂಖ್ಯೆ 1,170 ಆಗಿತ್ತು, ಅಂದರೆ ಮಿತಿಯ ಎರಡು ಪಟ್ಟಿಗೂ ಹೆಚ್ಚು. ಮೀನು ತಿನ್ನದೆ ಬಿಟ್ಟ ಆಹಾರ, ಮೀನಿನ ಮಲ ತಳದಲ್ಲಿ ಕೊಳೆತು ನೀರಿನಲ್ಲಿ ಸಾರಜನಕ, ರಂಜಕ ಏರಿದವು. ಪಂಜರಗಳ ಸಾಲೇ ಅಡ್ಡ ನಿಂತು ನೀರಿನ ಹರಿವು ಮಂದವಾಯಿತು. 2002ರ ಫೆಬ್ರವರಿಯಲ್ಲಿ ‘ಪ್ರೊರೊಸೆಂಟ್ರಮ್ ಮಿನಿಮಮ್’ ಎಂಬ ಸೂಕ್ಷ್ಮಪಾಚಿ ದಟ್ಟವಾಗಿ ಹಬ್ಬಿತು. ಪಾಚಿ ಹಗಲಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡುತ್ತದೆ, ಸತ್ತ ಮೇಲೆ ಕೊಳೆಯುವಾಗ ಇನ್ನಷ್ಟು ಎಳೆದುಕೊಳ್ಳುತ್ತದೆ. ನೀರಿನಲ್ಲಿ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಮಿಗಿಂತ ಕೆಳಗಿಳಿಯಿತು. ಪಂಜರದ ಮೀನಿಗೆ ಓಡಿಹೋಗಲು ಜಾಗವಿಲ್ಲ. ರಾಶಿ ರಾಶಿ ಮೀನು ಹೊಟ್ಟೆ ಮೇಲಾಗಿ ತೇಲಿತು, ನಷ್ಟ ನೂರಾರು ಮಿಲಿಯನ್ ಪೆಸೊ. ಈ ಸಾವು ಯಾರೂ ಊಹಿಸದ್ದೇನಲ್ಲ. 544 ಎಂಬ ಅಂಕೆ ಮೂರು ವರ್ಷ ಮೊದಲೇ ಕಾಗದದ ಮೇಲಿತ್ತು. ಒಂದೊಂದು ಹೊಸ ಪಂಜರವೂ ಪುರಸಭೆಗೆ ಶುಲ್ಕ, ಯಾರಿಗೋ ಕೂಲಿ, ಇನ್ಯಾರಿಗೋ ಮತ. ಮೇಯರ್‌ಗಿರುವುದು ಮೂರು ವರ್ಷದ ಅವಧಿ. ತಳದ ಕೆಸರು ತುಂಬಲು ಅದಕ್ಕಿಂತ ಹೆಚ್ಚು ಕಾಲ ಬೇಕು. 2011ರಲ್ಲಿ ಬೊಲಿನಾವೊ ಮತ್ತು ನೆರೆಯ ಆಂಡಾ ಪುರಸಭೆಗಳ ಪಂಜರಗಳಲ್ಲಿ ಮತ್ತೆ ದೊಡ್ಡ ಪ್ರಮಾಣದಲ್ಲಿ ಮೀನು ಸತ್ತವು.

ಹಾಗಿದ್ದರೆ ಕಡಲನ್ನು ಊರಿಗೆ ಬಿಟ್ಟಿದ್ದೇ ತಪ್ಪಲ್ಲವೇ ಎಂದು ಕೇಳಬಹುದು. ಮೀನಿಗೆ ಪುರಸಭೆಯ ಗಡಿ ಗೊತ್ತಿಲ್ಲ, ಕೊಳೆತ ನೀರು ಬೊಲಿನಾವೊದಿಂದ ಆಂಡಾಕ್ಕೆ ಹರಿಯುತ್ತದೆ ಎಂಬುದು ನಿಜ. ಅದಕ್ಕಾಗಿ ನೆರೆಯ ಊರುಗಳು ಒಂದೇ ಮಿತಿಗೆ ಒಪ್ಪಬೇಕು. ಆದರೆ 1991ಕ್ಕಿಂತ ಮೊದಲು ಕಡಲು ಬಹುಪಾಲು ಮನಿಲಾದ ಕೈಯಲ್ಲಿದ್ದಾಗಲೇ ದಿಬ್ಬಗಳು ಒಡೆದದ್ದು, ಕಡಲ ಕುಡಿಕೆ ಬರಿದಾಗತೊಡಗಿದ್ದು. ಬಡವರಿಗೆ ಪಂಜರ ಕೆಲಸ ಕೊಟ್ಟಿತಲ್ಲ ಎಂಬ ಮಾತೂ ಇದೆ. ಕೊಟ್ಟಿತು, ಸರಿ. ಆದರೆ ಎಷ್ಟೋ ಕಡೆ ಬಂಡವಾಳ ಹೊರಗಿನದು, ಊರಿನವನು ಪಂಜರ ಕಾಯುವ ಕೂಲಿಯಾಳು. ಮೀನು ಸತ್ತ ದಿನ ಆ ಕೂಲಿಯೂ ನಿಂತಿತು, ಪಂಜರವಿಲ್ಲದ ಬಡ ಮೀನುಗಾರನ ನೀರೂ ಕೆಟ್ಟಿತು. ಮಿತಿ ಇರುವುದು ಉದ್ಯಮದ ವಿರುದ್ಧವಲ್ಲ, ಅದರ ಉಳಿವಿಗಾಗಿ. ಇನ್ನು ಮೀನು ಹಿಡಿಯದ ಸಂರಕ್ಷಿತ ವಲಯಗಳು ಬಡವರ ಜಾಗ ಕಸಿಯುತ್ತವೆ ಎಂಬ ಆಕ್ಷೇಪಕ್ಕೆ ಫಿಲಿಪೀನ್ಸಿನದೇ ಸುಮಿಲೊನ್ ದ್ವೀಪದ ಅನುಭವ ಉತ್ತರ ಕೊಡುತ್ತದೆ. ಕಡಲ ಜೀವಶಾಸ್ತ್ರಜ್ಞ ಏಂಜೆಲ್ ಅಲ್ಕಾಲ ಅವರ ಪ್ರಯತ್ನದಿಂದ 1974ರಲ್ಲಿ ಅಲ್ಲಿ ಇಂಥ ವಲಯ ಶುರುವಾಯಿತು. 1984ರಲ್ಲಿ ಕಾವಲು ಕುಸಿದು ಎಲ್ಲರೂ ಒಳನುಗ್ಗಿದರು. ಹಿಡಿಯುವ ಜಾಗ ಹೆಚ್ಚಿದರೂ ಮೀನುಗಾರರಿಗೆ ಸಿಗುವ ಮೀನು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಈಚಿನ ವರ್ಷಗಳಲ್ಲಿ ಆ 15 ಕಿಲೋಮೀಟರೇ ವಿವಾದಕ್ಕೆ ಸಿಲುಕಿತು. 2023ರ ಡಿಸೆಂಬರ್‌ನಲ್ಲಿ ಮಲಬೋನ್ ನಗರದ ನ್ಯಾಯಾಲಯವೊಂದು ವಾಣಿಜ್ಯ ಮೀನುಗಾರಿಕೆಯ ಕಂಪನಿಯ ಪರ ತೀರ್ಪು ಕೊಟ್ಟು, ಪುರಸಭಾ ನೀರಿನಲ್ಲಿ ಸಣ್ಣ ಮೀನುಗಾರರಿಗಿದ್ದ ಆದ್ಯತೆಯನ್ನು ಸಡಿಲಿಸಿತು. 2024ರಲ್ಲಿ ಸುಪ್ರೀಂ ಕೋರ್ಟಿನ ಪೀಠ ಸರ್ಕಾರದ ಮೇಲ್ಮನವಿ ತಳ್ಳಿಹಾಕಿದಾಗ ಮೀನುಗಾರ ಸಂಘಟನೆಗಳು, ಪುರಸಭೆಗಳು ಆತಂಕದಿಂದ ಮರುಪರಿಶೀಲನೆಗೆ ಒತ್ತಾಯಿಸಿದವು. ಊರಿನ ಆಡಳಿತ ಎಡವಿದ್ದಕ್ಕೆ ದೊಡ್ಡ ಹಡಗುಗಳನ್ನು ಒಳಗೆ ಬಿಡುವುದು ಪರಿಹಾರವಲ್ಲ. ಸಿಮೆಂಟ್ ಕಾರ್ಖಾನೆಯನ್ನು ತಡೆದದ್ದೂ 544ರ ಮಿತಿ ಹಾಕಿದ್ದೂ ಇದೇ ಊರು. ಆ ಮಿತಿ ಮುರಿದದ್ದೂ ಇದೇ ಊರು. ಮೊದಲೆರಡು ಸಲ ಜನ ಸಂಘಟಿತರಾಗಿ ಎದುರಿಗೆ ಕೂತಿದ್ದರು, ಮೂರನೆಯ ಸಲ ಪರವಾನಗಿಯ ಲೆಕ್ಕ ಕಚೇರಿಯೊಳಗೇ ಉಳಿಯಿತು. ಕಡಲು ಊರಿನ ಕೈಯಲ್ಲೇ ಇರಲಿ. ಆದರೆ ಎಷ್ಟು ಪಂಜರ, ಯಾರ ಹೆಸರಿಗೆ, ನೀರಿನಲ್ಲಿ ಆಮ್ಲಜನಕ ಎಷ್ಟು ಎಂಬ ಲೆಕ್ಕ ತಿಂಗಳು ತಿಂಗಳೂ ಮೀನುಗಾರರ ಸಭೆಯ ಮುಂದೆ ಬರಬೇಕು. ಮಿತಿ ಮೀರಿದ ಪರವಾನಗಿಯನ್ನು ರದ್ದುಮಾಡಿಸುವ ಹಕ್ಕು ಆ ಸಭೆಗಿರಬೇಕು.