ಬಾಗಿಲು ತಟ್ಟಿದವರು ಯಾರು?

2016ರ ನವೆಂಬರ್ 27, ಭಾನುವಾರ. ಮಧ್ಯಾಹ್ನದ ಹೊತ್ತಿಗೆ ಜರ್ಮನಿಯ ಡಾಯ್ಚ ಟೆಲಿಕಾಂ ಗ್ರಾಹಕರ ಮನೆಗಳಲ್ಲಿ ಇಂಟರ್ನೆಟ್ ಕೈಕೊಡತೊಡಗಿತು. ಒಂದಲ್ಲ ಎರಡಲ್ಲ, ಸುಮಾರು 9 ಲಕ್ಷ ಮನೆಗಳು. ಫೋನು, ಟಿವಿ ಕೂಡ ಅದೇ ರೂಟರ್ ಮೂಲಕ ಬರ್ತಿದ್ದ ಮನೆಗಳಲ್ಲಿ ಅವೂ ಹೋದವು.

ಇದರ ಬೇರು ಇರೋದು 2004ರಲ್ಲಿ. ಆಗ ಬ್ರಾಡ್‌ಬ್ಯಾಂಡ್ ಮನೆಮನೆಗೂ ಹೋಗ್ತಾ ಇತ್ತು. ನಮ್ಮೂರಲ್ಲಿ ಫೋನ್ ಕೆಟ್ಟರೆ ಲೈನ್‌ಮನ್ ಬರೋವರೆಗೂ ಕಾಯಬೇಕಿತ್ತು. ಲಕ್ಷಾಂತರ ರೂಟರ್‌ಗಳಿಗೆ ಹಾಗೆ ಆಳು ಕಳಿಸೋಕಾಗುತ್ತಾ? ಅದಕ್ಕೇ ಆ ವರ್ಷದ ಮೇ ತಿಂಗಳಲ್ಲಿ ಡಿಎಸ್‌ಎಲ್ ಫೋರಂ ಎಂಬ ಕಂಪನಿಗಳ ಒಕ್ಕೂಟ ಟಿಆರ್-069 ಎಂಬ ನಿಯಮಾವಳಿ ತಂದಿತು. ಸೆಟ್ಟಿಂಗ್ ಬದಲಿಸೋದು, ಹೊಸ ಫರ್ಮ್‌ವೇರ್ ಹಾಕೋದು, ಎಲ್ಲಾ ಕಂಪನಿಯ ಸರ್ವರ್‌ನಿಂದಲೇ.

ಇದರ ವಿನ್ಯಾಸ ಜಾಣತನದ್ದೇ. ಸರ್ವರ್ ಬಂದು ರೂಟರ್‌ನ 7547ನೇ ಪೋರ್ಟ್ ತಟ್ಟುತ್ತೆ, ಅಷ್ಟೇ. ತಟ್ಟಿದವರು ಹೇಳಿದ್ದನ್ನ ರೂಟರ್ ಕೇಳಬಾರದು. ತನಗೆ ಮೊದಲೇ ಗೊತ್ತಿರೋ ಸರ್ವರ್‌ಗೆ ತಾನೇ ವಾಪಸ್ ಕರೆ ಮಾಡಿ, ಅಲ್ಲಿಂದ ಬಂದ ಆದೇಶ ಮಾತ್ರ ಪಾಲಿಸಬೇಕು.

ಎಡವಟ್ಟಾಗಿದ್ದು ಇಲ್ಲೇ. ಟಿಆರ್-064 ಅಂತ ಇನ್ನೊಂದು ನಿಯಮಾವಳಿ ಇದೆ. ಅದು ಮನೆಯೊಳಗಿನ ಕಂಪ್ಯೂಟರ್‌ನಿಂದ ರೂಟರ್ ಸೆಟ್ ಮಾಡಲಿಕ್ಕೆ. ಐರ್ಲೆಂಡಿನ ಏರ್ ಕಂಪನಿ ಕೊಟ್ಟಿದ್ದ ಒಂದು ಮೋಡೆಮ್, ಒಳಗಿನವರಿಗೆ ಮೀಸಲಾದ ಆ ಆದೇಶಗಳನ್ನು ಹೊರಗಿನ 7547ರಲ್ಲೂ ಕೇಳಿಸಿಕೊಳ್ತಿತ್ತು. ಗಡಿಯಾರದ ಸರ್ವರ್‌ನ ಹೆಸರು ಬರೆಯೋ ಜಾಗದಲ್ಲಿ ಕಮಾಂಡ್ ಬರೆದರೆ ಅದನ್ನೂ ಓಡಿಸ್ತಿತ್ತು! 2016ರ ನವೆಂಬರ್ ಮೊದಲ ಭಾಗದಲ್ಲಿ ಈ ದೋಷ ಬಯಲಾಯಿತು. ತಿಂಗಳು ಮುಗಿಯೋದರೊಳಗೆ ಮಿರಾಯ್ ಎಂಬ ಮಾಲ್‌ವೇರ್‌ನ ಹೊಸ ತಳಿ ಜಗತ್ತಿನಾದ್ಯಂತ 7547 ತಟ್ಟಲು ಶುರುಮಾಡಿತ್ತು.

ಜರ್ಮನಿಯ ರೂಟರ್‌ಗಳಿಗೆ ಮಾಲ್‌ವೇರ್ ಹತ್ತಲೇ ಇಲ್ಲ. ಬಾಗಿಲು ತಟ್ಟಿಸಿಕೊಂಡೇ ಅವು ಹ್ಯಾಂಗ್ ಆದವು. ಆಮೇಲೆ ಕಂಪನಿ ಹೊಸ ಫರ್ಮ್‌ವೇರ್ ತಯಾರಿಸಿ, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ಅಂತ ಗ್ರಾಹಕರಿಗೆ ಹೇಳಿತು. ಆನ್ ಆದ ರೂಟರ್ ತಾನೇ ಹೊಸ ಫರ್ಮ್‌ವೇರ್ ತರಿಸಿಕೊಳ್ತಿತ್ತು. ಕಾಯಿಲೆ ಹುಡುಕಿಕೊಂಡು ಬಂದ ಬೀದಿಯಲ್ಲೇ ಔಷಧಿಯೂ ಬಂತು ನೋಡಿ.

2017ರ ಫೆಬ್ರವರಿಯಲ್ಲಿ ಲಂಡನ್‌ನ ಲೂಟನ್ ವಿಮಾನ ನಿಲ್ದಾಣದಲ್ಲಿ ಒಬ್ಬ ಬ್ರಿಟಿಷ್ ಪ್ರಜೆ ಸಿಕ್ಕಿಬಿದ್ದ. ಲೈಬೀರಿಯಾದ ಒಂದು ಟೆಲಿಕಾಂ ಕಂಪನಿ ಕೊಟ್ಟ ದುಡ್ಡಿಗಾಗಿ, ಅದರ ಎದುರಾಳಿ ಕಂಪನಿ ಮೇಲೆ ದಾಳಿ ಮಾಡಲು ರೂಟರ್‌ಗಳ ಸೈನ್ಯ ಕಟ್ಟುತ್ತಿದ್ದನಂತೆ. ಅಂದರೆ ಆಫ್ರಿಕಾದ ಎರಡು ಕಂಪನಿಗಳ ಜಗಳಕ್ಕೆ ಜರ್ಮನಿಯ 9 ಲಕ್ಷ ಮನೆಗಳು ಕತ್ತಲಾದವು. ಅದೇ ವರ್ಷ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲೂ ಬಿಎಸ್‌ಎನ್‌ಎಲ್ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿಯಾಯಿತು. ಆಗ ಪೆಟ್ಟು ತಿಂದದ್ದು ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಮೋಡೆಮ್‌ಗಳು.

ಹಾಗಂತ ರಿಮೋಟ್ ಅಪ್‌ಡೇಟ್ ಬೇಡ ಅನ್ನೋದು ದಡ್ಡತನ. ಅದಿಲ್ಲದಿದ್ದರೆ ಆ 9 ಲಕ್ಷ ಮನೆಗಳಿಗೆ ಆಳು ಹೋಗಬೇಕಿತ್ತು. ಆದರೆ ಆ ಬಾಗಿಲನ್ನ ಕಂಪನಿಯ ಸರ್ವರ್ ಒಂದೇ ತಟ್ಟುವ ಹಾಗೆ ನೆಟ್‌ವರ್ಕ್‌ನಲ್ಲೇ ಬೇಲಿ ಹಾಕೋದು ಕಂಪನಿಯ ಕೆಲಸ. ನಾವು ಮನೆಯಲ್ಲಿ ಕೂತು ಎಷ್ಟೇ ಗಟ್ಟಿ ಪಾಸ್‌ವರ್ಡ್ ಇಟ್ಟರೂ ಆ ಬೇಲಿ ನಮ್ಮ ಕೈಲಿಲ್ಲ. ತಿಂಗಳ ಬಿಲ್ ಕಟ್ಟೋರು ಸ್ಪೀಡ್ ಎಷ್ಟು ಅಂತ ಕೇಳ್ತೀವಿ. 7547ಕ್ಕೆ ಬೇಲಿ ಹಾಕಿದ್ದೀರಾ ಅಂತಲೂ ಒಮ್ಮೆ ಕೇಳಬೇಕು.