ಮಣ್ಣಿನ ಹಿಡಿತ

ಹೊಲಕ್ಕೆ ಹಾಕುವ ಹಲವು ರಸಗೊಬ್ಬರಗಳು ಒಂದು ಬಗೆಯ ಉಪ್ಪು. ಉಪ್ಪು ನೀರಿನಲ್ಲಿ ಕರಗುತ್ತದೆ. ಹಾಗಾದರೆ ಒಂದು ಜಡಿಮಳೆ ಬಂದರೆ ಹಾಕಿದ್ದೆಲ್ಲ ಬಸಿದು ಹೋಗಬೇಕಲ್ಲವೇ? ಪೂರ್ತಿ ಹೋಗೋದಿಲ್ಲ. ಯಾಕೆ?

ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದವರು ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನುದಾರ ಎಚ್. ಎಸ್. ಥಾಂಪ್ಸನ್. 1845ರಲ್ಲಿ ಯಾರ್ಕ್ ಪಟ್ಟಣದ ಔಷಧಿ ವ್ಯಾಪಾರಿ ಸ್ಪೆನ್ಸ್ ಅವರ ನೆರವು ಪಡೆದು, ಮಣ್ಣಿಗೆ ಅಮೋನಿಯಂ ಸಲ್ಫೇಟ್ ಬೆರೆಸಿ ಮೇಲಿಂದ ನೀರು ಹುಯ್ದರು. ಕೆಳಗೆ ಬಸಿದ ನೀರು ನೋಡಿದರೆ ಅದರಲ್ಲಿದ್ದದ್ದು ಜಿಪ್ಸಂ! ಅಮೋನಿಯ ಬಹುಪಾಲು ಮಣ್ಣಿನಲ್ಲೇ ನಿಂತಿತ್ತು. ಅದರ ಬದಲಿಗೆ ಮಣ್ಣಿನ ಸುಣ್ಣ ಹೊರಬಂದಿತ್ತು.

ರಾಯಲ್ ಕೃಷಿ ಸಂಘದ ರಸಾಯನ ತಜ್ಞ ಥಾಮಸ್ ವೇ ಇದನ್ನು ಕೈಗೆತ್ತಿಕೊಂಡು 1850 ಮತ್ತು 1852ರಲ್ಲಿ ವಿವರವಾಗಿ ಬರೆದರು. ಪೊಟ್ಯಾಷ್ ಹಾಕಿದರೂ ಇದೇ ಕಥೆ. ಸಂತೆಯಲ್ಲಿ ಜೋಳ ಅಳೆದು ಕೊಟ್ಟು ಮೆಣಸಿನಕಾಯಿ ತರುವ ಹಾಗೆ, ಎಷ್ಟು ಒಳಗೆ ಹೋಯಿತೋ ಅದಕ್ಕೆ ಸಮನಾದ ಸುಣ್ಣ ಹೊರಕ್ಕೆ. ಕೆಲಸ ಮಾಡುವುದು ಮರಳಲ್ಲ, ಜೇಡಿ ಎಂದೂ ಅವರು ತೋರಿಸಿದರು. ಜರ್ಮನಿಯ ಹೆಸರಾಂತ ಲೀಬಿಗ್ ಮೊದಲು ಇದನ್ನು ಒಪ್ಪಲಿಲ್ಲ. ವೇ ಅವರದೂ ಒಂದು ತಪ್ಪಿತ್ತು: ಹಿಡಿದದ್ದನ್ನು ಮಣ್ಣು ಮತ್ತೆ ಬಿಡದು ಎಂದು ನಂಬಿದ್ದರು. ಬಿಡದಿದ್ದರೆ ಬೆಳೆ ಏನು ತಿಂದೀತು, ಹೇಳಿ! ಬೇರು ತನ್ನ ಹುಳಿಯ ಕಣವನ್ನು ಕೊಟ್ಟು ಪೊಟ್ಯಾಷ್ ಕಣವನ್ನು ಬಿಡಿಸಿಕೊಳ್ಳುತ್ತದೆ.

ಜೇಡಿಗೆ ಈ ಶಕ್ತಿ ಎಲ್ಲಿಂದ? ಅದು 1930ರ ಸುಮಾರಿಗೆ ಕ್ಷ-ಕಿರಣದಿಂದ ತಿಳಿಯತೊಡಗಿತು. ಜೇಡಿಯ ಕಣ ಪುಸ್ತಕದ ಹಾಳೆಗಳಂತೆ ಪದರ ಪದರ. ಹಾಳೆಯೊಳಗೆ ಸಿಲಿಕಾನ್ ಇರಬೇಕಾದ ಕಡೆ ಅಲ್ಯೂಮಿನಿಯಂ, ಅಲ್ಯೂಮಿನಿಯಂ ಇರಬೇಕಾದ ಕಡೆ ಮೆಗ್ನೀಷಿಯಂ ಕೂತಿರುತ್ತದೆ. ಇದರಿಂದ ಹಾಳೆಯಲ್ಲಿ ಋಣ ವಿದ್ಯುತ್ತು ಉಳಿಯುತ್ತದೆ. ಸುಣ್ಣ, ಪೊಟ್ಯಾಷ್ ಮೊದಲಾದ ಲೋಹದ ಕಣಗಳದು ಧನ ವಿದ್ಯುತ್ತು. ಆದ್ದರಿಂದ ಅಂಟಿ ನಿಲ್ಲುತ್ತವೆ. ನೈಟ್ರೇಟಿನದು ಋಣ, ಅದು ನೀರಿನ ಜೊತೆ ಹೊರಟೇ ಹೋಗುತ್ತದೆ.

ನಮ್ಮ ಎರೆ ಭೂಮಿಯ ಜೇಡಿಗೆ ಈ ಹಿಡಿತ ಬಹಳ. ಕೆಂಪು ಮರಳು ಭೂಮಿಗೆ ಕಡಿಮೆ. ಅದಕ್ಕೇ ಅಂಥ ಹೊಲಕ್ಕೆ ಪೊಟ್ಯಾಷ್ ಒಂದೇ ಸಲ ಸುರಿಯದೆ ಎರಡು ಕಂತು ಮಾಡಿ ಅನ್ನುವುದು.

ಹಿಡಿತ ಅತಿಯಾದರೂ ಕಷ್ಟವೇ. ಸತುವಿನ ಕಣ ಕಬ್ಬಿಣದ ತುಕ್ಕಿನಂಥ ಖನಿಜಗಳ ಮೈಗೆ, ಸುಣ್ಣದ ಕಲ್ಲಿನ ಮೈಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಸುಲಭಕ್ಕೆ ಬಿಡದು. ಹಿಮಾಲಯದ ತಪ್ಪಲಿನ ತರಾಯಿ ಸೀಮೆಯಲ್ಲಿ ಭತ್ತದ ಎಲೆ ತುಕ್ಕು ಬಣ್ಣಕ್ಕೆ ತಿರುಗಿ ಪೈರು ಕುಗ್ಗುತ್ತಿತ್ತು. ಜನ ಅದಕ್ಕೆ ಖೈರಾ ರೋಗ ಅಂದರು. ಅದು ರೋಗಾಣುವಿನ ಕೆಲಸವಲ್ಲ, ಸತುವಿನ ಕೊರತೆ ಎಂದು ಪಂತನಗರದ ವೈ. ಎಲ್. ನೆನೆ 1966ರಲ್ಲಿ ತಿಳಿಸಿದರು. ಮದ್ದು, ಸುಣ್ಣ ಬೆರೆಸಿದ ಸತುವಿನ ಸಲ್ಫೇಟ್ ದ್ರಾವಣವನ್ನು ಎಲೆಗೇ ಸಿಂಪಡಿಸುವುದು. ಎಲೆಯ ಮೇಲೆ ಅದನ್ನು ಹಿಡಿದಿಡಲು ಮಣ್ಣೇ ಇಲ್ಲವಲ್ಲ!